ದಕ್ಕೆಗೆ ಧಕ್ಕೆಯಾಗದ ಹಾಗೆ ಬೋಟು ಕಟ್ಟುವ ವಿದ್ಯೆ

ಮಂಗಳೂರು: ಸ್ಟೇಟ್ ಬ್ಯಾಂಕ್ ಬಳಿಯ ಸರ್ವಿಸ್ ಬಸ್ ನಿಲ್ದಾಣದಲ್ಲಿ ಬಸ್ಸು ರಿವರ್ಸ್ ತೆಗೆಯುವುದನ್ನು ನೋಡದವರು ಈ ಊರಲ್ಲಿ ಇರಲಿಕ್ಕಿಲ್ಲ. ಕಂಡಕ್ಟರ್ ಹಿಂದೆ ನಿಂತು ಬಸ್ಸಿನ ಬೆನ್ನಿಗೆ ಬಡಿಯುತ್ತ ‘ಬರಡ್, ಬರಡ್’ ಅನ್ನುತ್ತಾನೆ. ಡ್ರೈವರ್ ಒಂದು ಕಣ್ಣು ಕನ್ನಡಿಯಲ್ಲಿ, ಒಂದು ಕಣ್ಣು ಎದುರಿನ ರಿಕ್ಷಾದ ಮೇಲೆ ಇಟ್ಟು ಎರಡು ಬಸ್ಸುಗಳ ನಡುವಿನ ಸಂದಿಗೆ ತನ್ನ ಬಸ್ಸನ್ನು ತುರುಕುತ್ತಾನೆ. ಅತ್ತ ಇತ್ತ ಗೇಣಿನ ಅಂತರ. ನೋಡಿದವರ ಎದೆ ಡವಗುಟ್ಟುತ್ತದೆ. ಅವನಿಗೆ ಮಾತ್ರ ಏನೂ ಅಲ್ಲ, ಬಾಯಲ್ಲಿಯ ಎಲೆಅಡಿಕೆ ಕೂಡ ಆಚೆ ಈಚೆ ಆಗುವುದಿಲ್ಲ.

ಅದೇ ನಿಲ್ದಾಣದಿಂದ ಬಂದರಿನ ಕಡೆಗೆ ಹತ್ತು ಹದಿನೈದು ನಿಮಿಷ ನಡೆದರೆ ದಕ್ಕೆ. ಅಲ್ಲಿಯೂ ನಡೆಯುವುದು ಇದೇ ಕೆಲಸ. ಎರಡು ದೊಡ್ಡ ಬೋಟುಗಳ ನಡುವಿನ ಸಂದಿಗೆ ಒಂದು ಸಣ್ಣ ಮೋಟಾರು ದೋಣಿಯನ್ನು ತಂದು ನಿಲ್ಲಿಸಬೇಕು. ಆದರೆ ಬಸ್ಸಿಗೆ ಕೆಳಗೆ ನೆಲ ಉಂಟು, ಕಾಲಡಿಯಲ್ಲಿ ಬ್ರೇಕು ಉಂಟು. ದೋಣಿಗೆ ಎರಡೂ ಇಲ್ಲ. ಸಾಲದ್ದಕ್ಕೆ ನಿಲ್ಲಿಸಬೇಕಾದ ಜಾಗವೇ ನಿಂತಲ್ಲಿ ನಿಲ್ಲುವುದಿಲ್ಲ. ಅಕ್ಕಪಕ್ಕದ ಬೋಟುಗಳು ಹಗ್ಗದಲ್ಲಿ ತೂಗುತ್ತವೆ, ಅಡಿಯ ನೀರು ಒಮ್ಮೆ ಸಮುದ್ರದ ಕಡೆಗೆ, ಒಮ್ಮೆ ಕೂಳೂರಿನ ಕಡೆಗೆ ಎಳೆಯುತ್ತದೆ, ಗಾಳಿಗೆ ತನ್ನದೇ ಒಂದು ಲೆಕ್ಕ. ಬಸ್ ಡ್ರೈವರಿಗೆ ಲೈಸೆನ್ಸಿಗೆ ಮೊದಲು ‘ಎಂಟು’ ಹಾಕಿಸುತ್ತಾರೆ. ದೋಣಿಯ ಹುಡುಗನಿಗೆ ಎಂಟೂ ಇಲ್ಲ, ಹತ್ತೂ ಇಲ್ಲ. ಮೊದಲನೆಯ ಪಾಠವೂ ಕೊನೆಯ ಪರೀಕ್ಷೆಯೂ ಒಂದೇ ದಿನ, ಒಂದೇ ಸಂದಿನಲ್ಲಿ, ನೂರು ಜನರ ಎದುರಿನಲ್ಲಿ.

ತೊಂದರೆ ಅಲ್ಲೇ ಇರುವುದು.

ಮಳೆಗಾಲದಲ್ಲಿ ಒಮ್ಮೆ ದಕ್ಕೆಗೆ ಹೋಗಿ ನೋಡಬೇಕು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಟ್ರಾಲ್ ಬೋಟು, ಪರ್ಸೀನ್ ಬೋಟುಗಳೆಲ್ಲ ಕಡಲಿನಿಂದ ವಾಪಸು ಬಂದು ಸಾಲುಸಾಲಾಗಿ, ಒಂದಕ್ಕೆ ಒಂದು ತಾಗಿ ನಿಲ್ಲುತ್ತವೆ. ಒಂದು ಸಾಲಿನ ಹಿಂದೆ ಇನ್ನೊಂದು ಸಾಲು. ದಡದ ಹುಡುಗ ಬೋಟಿನಿಂದ ಬೋಟಿಗೆ ಹಾರುತ್ತಾ ಹೊಳೆಯ ಅರ್ಧದವರೆಗೆ ಹೋದಾನು ಎಂಬಂತೆ ಕಾಣುತ್ತದೆ. ಆದರೆ ಹತ್ತು ಅಶ್ವಶಕ್ತಿಯ ಒಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಆಗಲೂ ಅನುಮತಿ ಉಂಟು. ಅಂದರೆ ಹೊಳೆ ತುಂಬಿ ಕೆಂಪಗೆ ಹರಿಯುವಾಗ, ಗಾಳಿ ಜೋರಾಗಿರುವಾಗ, ದಕ್ಕೆಯಲ್ಲಿ ಕಾಲಿಡಲು ಜಾಗ ಇಲ್ಲದಿರುವಾಗ ಒಳಗೆ ನುಗ್ಗಿ ದೋಣಿ ಕಟ್ಟಬೇಕಾದವನು ಯಾರು? ಎಲ್ಲರಿಗಿಂತ ಸಣ್ಣ ದೋಣಿಯವನು. ಆರಡಿ ಅಗಲದ ಫೈಬರ್ ದೋಣಿ, ಒಂಬತ್ತಡಿ ಸಂದು ಎಂದಿಟ್ಟುಕೊಳ್ಳಿ. ಎರಡೂ ಬದಿಗೆ ಒಂದೂವರೆ ಅಡಿ. ಅಷ್ಟರಲ್ಲಿ ಅವನ ವ್ಯಾಪಾರ ಆಗಬೇಕು.

ದೋಣಿಗೆ ಒಂದಿಷ್ಟು ತಾಗಿದರೆ ಏನು ಮಹಾ ಎಂದು ಪೇಟೆಯಲ್ಲಿ ಕುಳಿತವರಿಗೆ ಅನಿಸಬಹುದು. ಫೈಬರ್ ಒಡೆದರೆ ತೇಪೆ ಹಾಕಬಹುದು, ಒಂದೆರಡು ದಿನದ ದುಡಿಮೆ ಹೋಗುತ್ತದೆ, ಅಷ್ಟೆ. ಕೈಗೆ ತೇಪೆ ಹಾಕಲಿಕ್ಕೆ ಆಗುವುದಿಲ್ಲ. ದೋಣಿ ಬಡಿಯುತ್ತದೆ ಎಂದು ಕಂಡ ಕೂಡಲೇ ಮೂತಿಯಲ್ಲಿ ಕುಳಿತ ಹುಡುಗ ಕೈ ಚಾಚುತ್ತಾನೆ, ಇಲ್ಲವೇ ಕಾಲು ಚಾಚುತ್ತಾನೆ. ಮನುಷ್ಯನ ಸ್ವಭಾವವೇ ಅದು. ಹತ್ತಾರು ಟನ್ ತೂಕದ ಟ್ರಾಲ್ ಬೋಟು ಒಂದು ಕಡೆ, ಮೀನು, ಬಲೆ, ಆಳು ಸೇರಿದ ದೋಣಿ ಇನ್ನೊಂದು ಕಡೆ, ನಡುವೆ ಹುಡುಗನ ಅಂಗೈ. ಬೆರಳು ಜಜ್ಜುವುದು, ಮಣಿಕಟ್ಟು ಮುರಿಯುವುದು, ಬೋಟಿನಿಂದ ಬೋಟಿಗೆ ದಾಟುವಾಗ ಕಾಲು ಜಾರಿ ಸಂದಿನ ನೀರಿಗೆ ಬೀಳುವುದು, ಇವೆಲ್ಲ ಯಾವ ಬಂದರಿಗೂ ಹೊಸತಲ್ಲ. ಸಂದಿನಲ್ಲಿ ಬಿದ್ದವನು ಈಜು ಬಲ್ಲವನಾದರೂ ಮೇಲೆ ಬರಲು ದಾರಿ ಸಿಕ್ಕಬೇಕಲ್ಲ? ತಲೆಯ ಮೇಲೆ ಬೋಟು.

ಬಾಲದ ಲೆಕ್ಕ

ಹೊಸಬನಿಗೆ ಮೊದಲು ತಲೆಗೆ ಹತ್ತಬೇಕಾದ ಸಂಗತಿ ಒಂದೇ. ಬಸ್ಸಿನ ಎದುರಿನ ಚಕ್ರ ತಿರುಗುತ್ತದೆ, ಹಿಂಬದಿ ಅದರ ಹಿಂದೆ ಬರುತ್ತದೆ. ತಿರುವಿನಲ್ಲಿ ಬಸ್ಸಿನ ಹಿಂದಿನ ಚಕ್ರ ಒಳಗೆ ಕತ್ತರಿಸುತ್ತದೆ ಎಂದೇ ಸ್ಕೂಟರಿನವರು ಹೆದರುವುದು. ದೋಣಿಯಲ್ಲಿ ಇದು ಉಲ್ಟಾ. ಎಂಜಿನ್ ಇರುವುದು ಬಾಲದಲ್ಲಿ, ಅದು ತಳ್ಳುವುದು ಬಾಲವನ್ನು. ಮೂತಿ ಬಲಕ್ಕೆ ಹೋಗುತ್ತದೆ ಎಂದು ನಮಗೆ ಕಾಣುವುದು ನಿಜವಾಗಿ ಬಾಲ ಎಡಕ್ಕೆ ಹೋದುದರ ಫಲ. ದೋಣಿ ತಿರುಗುವಾಗ ಮೂತಿಯಿಂದ ಸ್ವಲ್ಪ ಹಿಂದೆ ಒಂದು ಗೂಟ ನೆಟ್ಟ ಹಾಗೆ, ಅದರ ಸುತ್ತ ಬಾಲ ಹೊರಗೆ ಬೀಸುತ್ತದೆ. ಹೊಸ ಹುಡುಗನ ಕಣ್ಣು ಮೂತಿಯ ಮೇಲೆ, ಮೂತಿ ಸಂದಿಗೆ ಚೆಂದಕ್ಕೆ ಹೋಯಿತು ಎಂದು ಖುಷಿ. ಅಷ್ಟರಲ್ಲಿ ಹಿಂದಿನಿಂದ ‘ಢಂ’ ಅಂತ ಸದ್ದು.

ಇನ್ನೊಂದು ಗೊಂದಲ ಹ್ಯಾಂಡಲಿನದು. ಔಟ್‌ಬೋರ್ಡ್ ಎಂಜಿನಿಗೆ ಸ್ಟೀಯರಿಂಗ್ ಚಕ್ರ ಇಲ್ಲ, ಹಿಡಿಯಲು ಒಂದು ಹ್ಯಾಂಡಲ್. ದೋಣಿ ಬಲಕ್ಕೆ ಹೋಗಬೇಕಾದರೆ ಹ್ಯಾಂಡಲ್ ಎಡಕ್ಕೆ ಒತ್ತಬೇಕು. ಬಯಲಿನಲ್ಲಿ ಇದು ಎರಡು ದಿನದಲ್ಲಿ ಕೈಗೆ ಬರುತ್ತದೆ. ಸಂದಿನಲ್ಲಿ ಗಾಬರಿಯಾದಾಗ ಮಾತ್ರ ಕೈಗೆ ಸೈಕಲ್ ನೆನಪಾಗುತ್ತದೆ, ಬಲಕ್ಕೆ ಬೇಕಾದಾಗ ಬಲಕ್ಕೇ ಎಳೆಯುತ್ತದೆ. ಅನುಭವದವರು ಇದಕ್ಕೆ ಒಂದು ಸುಲಭದ ದಾರಿ ಮಾಡಿಕೊಂಡಿದ್ದಾರೆ: ಎಡ ಬಲ ಬಿಡು, ಬಾಲ ಎಲ್ಲಿ ಹೋಗಬೇಕು ಅದನ್ನು ನೋಡು. ಮುಂದಿನ ಗೇರಿನಲ್ಲಿ ಹ್ಯಾಂಡಲ್ ಯಾವ ಕಡೆಗೋ ಬಾಲ ಆ ಕಡೆಗೆ. ಹಿಂದಿನ ಗೇರಿನಲ್ಲಿ ಹ್ಯಾಂಡಲಿನ ವಿರುದ್ಧ ಕಡೆಗೆ. ಇಷ್ಟು ಮಾತು ರಕ್ತಕ್ಕೆ ಇಳಿದರೆ ಮುಕ್ಕಾಲು ಕೆಲಸ ಆಯಿತು.

ಉಳಿದ ಕಾಲು ಭಾಗ ವೇಗ. ಬ್ರೇಕಿಲ್ಲದ ವಾಹನವನ್ನು ನಿಲ್ಲಿಸುವ ಉಪಾಯ ಎಂದರೆ ಓಡಿಸದೆ ಇರುವುದು! ಸಂದು ಇನ್ನೂ ನಾಲ್ಕೈದು ದೋಣಿ ಉದ್ದದಷ್ಟು ದೂರ ಇರುವಾಗಲೇ ಎಂಜಿನ್ ಇಳಿಸಬೇಕು. ಆಮೇಲೆ ಗೇರು ಹಾಕು, ಎರಡು ಎಣಿಸು, ನ್ಯೂಟ್ರಲ್. ದೋಣಿ ತಾನಾಗಿ ಜಾರುತ್ತದೆ. ಮತ್ತೆ ಬೇಕಾದರೆ ಮತ್ತೊಂದು ತುತ್ತು. ಮಗುವಿಗೆ ಗಂಜಿ ಉಣಿಸಿದ ಹಾಗೆ, ಒಂದೊಂದೇ ಚಮಚ. ಜಾರುವ ವೇಗ ಎಷ್ಟಿರಬೇಕು? ಅಷ್ಟೇ ವೇಗದಲ್ಲಿ ತಾಗಿದರೆ ಬೇಸರವಾಗಬಾರದು, ಅಷ್ಟು. ಹ್ಯಾಂಡಲನ್ನು ಮೊದಲು ಬೇಕಾದ ಕಡೆಗೆ ತಿರುಗಿಸಿ, ಆಮೇಲೆ ಗೇರು ಹಾಕಬೇಕು. ಹೊಸಬ ಮಾಡುವುದು ಇದರ ತಿರುವುಮುರುವು: ಮೊದಲು ಎಂಜಿನ್ ಕೊಡುತ್ತಾನೆ, ಆಮೇಲೆ ತಿರುಗಿಸುತ್ತಾನೆ. ಅಷ್ಟರಲ್ಲಿ ದೋಣಿ ಬೇಡದ ಕಡೆಗೆ ಒಂದು ಮಾರು ಹೋಗಿ ಆಗಿರುತ್ತದೆ.

ಎಂಜಿನಿನ ಕೆಲವು ಕುಚೋದ್ಯಗಳನ್ನೂ ಹೇಳಬೇಕು. ನಮ್ಮ ನಾಡದೋಣಿಗಳ ಎಂಜಿನುಗಳಲ್ಲಿ ಸೀಮೆಎಣ್ಣೆಯವು ಬಹಳ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುವುದು ಪದ್ಧತಿ. ದಕ್ಕೆಗೆ ಬರುವ ಮೊದಲು ಕೆಲವು ನಿಮಿಷ ಮತ್ತೆ ಪೆಟ್ರೋಲಿಗೆ ತರಬೇಕು. ಇಲ್ಲವಾದರೆ ಬೇಕಾದ ಹೊತ್ತಿಗೆ ನಿಧಾನದ ಓಟದಲ್ಲಿ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ, ಎಷ್ಟು ಹಗ್ಗ ಎಳೆದರೂ ಏಳುವುದಿಲ್ಲ. ಪೆಟ್ರೋಲು ಉಳಿಸಲು ಹೋಗಿ ಪಕ್ಕದ ಬೋಟಿನ ಹಲಗೆ ಒಡೆದವರ ಲೆಕ್ಕ ಯಾರೂ ಇಟ್ಟಿಲ್ಲ. ಇನ್ನು ರಿವರ್ಸ್ ಲಾಕು. ಹಿಂದಿನ ಗೇರು ಹಾಕಿದಾಗ ಎಂಜಿನ್ ಮೇಲಕ್ಕೆ ಎದ್ದು ಪ್ರೊಪೆಲ್ಲರ್ ನೀರಿನಿಂದ ಹೊರಗೆ ಬಂದು ಬರಿದೇ ಬೊಬ್ಬೆ ಹೊಡೆಯುತ್ತದಲ್ಲ, ಅದು ಲಾಕು ಬೀಳದ ಲಕ್ಷಣ. ಮುಂದಿನ ಗೇರಿನಿಂದ ಹಿಂದಿನ ಗೇರಿಗೆ ಒಮ್ಮೆಲೇ ಎಳೆಯುವುದೂ ತಪ್ಪು. ನಡುವೆ ನ್ಯೂಟ್ರಲ್, ಎಂಜಿನ್ ಪೂರ್ತಿ ಇಳಿದ ಮೇಲೆ ಹಿಂದಿನದು. ಕೈಗೆ ಕಟ್ಟುವ ಕೆಂಪು ಬಳ್ಳಿ ಒಂದು ಉಂಟು, ಮನುಷ್ಯ ಬಿದ್ದರೆ ಎಂಜಿನ್ ನಿಲ್ಲಿಸುವುದು. ಹೆಚ್ಚಿನವರು ಅದನ್ನು ಎಂಜಿನಿಗೇ ಸುತ್ತಿ ಇಟ್ಟಿರುತ್ತಾರೆ. ಹೆಲ್ಮೆಟನ್ನು ಬೈಕಿನ ಕನ್ನಡಿಗೆ ತೂಗುಹಾಕುವ ನಮ್ಮ ಊರಿನ ಜಾಣತನವೇ ಇದೂ.

ಡೀಸೆಲ್ ಎಂಜಿನ್ ಒಳಗಿರುವ ಬೋಟಿನ ಕಥೆ ಬೇರೆ. ಅಲ್ಲಿ ಎಂಜಿನ್ ತಿರುಗುವುದಿಲ್ಲ, ಚುಕ್ಕಾಣಿ ತಿರುಗುತ್ತದೆ. ಪ್ರೊಪೆಲ್ಲರಿನ ನೀರು ಬಡಿಯದಿದ್ದರೆ, ಬೋಟೂ ನಿಧಾನವಾಗಿದ್ದರೆ ಚುಕ್ಕಾಣಿ ಬರೀ ಹಲಗೆ. ಹಿಂದಿನ ಗೇರಿನಲ್ಲಿ ಅಂಥ ಬೋಟಿನ ಬಾಲ ಒಂದು ಕಡೆಗೆ ತಾನಾಗಿ ನಡೆಯುತ್ತದೆ. ಮುಂದೆ ಹೋಗುವಾಗ ಬಲಸುತ್ತು ತಿರುಗುವ ಪ್ರೊಪೆಲ್ಲರಾದರೆ ಎಡಕ್ಕೆ. ತನ್ನ ಬೋಟು ಯಾವ ಕಡೆಗೆ ಬಾಲ ಹಾಕುತ್ತದೆ ಎಂಬುದನ್ನು ತಿಳಿದ ತಂಡೇಲ ಅದೇ ಬದಿಯನ್ನು ದಕ್ಕೆಗೆ ಕೊಟ್ಟು ಸುಲಭದಲ್ಲಿ ನಿಲ್ಲಿಸುತ್ತಾನೆ. ನೋಡಿದವರು ಅವನ ಕೈಗುಣ ಎನ್ನುತ್ತಾರೆ.

ನೀರಿನ ಮಾತು ಕೇಳುವವನು

ಎಂಜಿನಿಗಿಂತ ದೊಡ್ಡ ಯಜಮಾನ ನೀರು. ಹಳೆ ಬಂದರಿನ ದಕ್ಕೆ ಇರುವುದು ಕಡಲಿನ ಮೇಲಲ್ಲ, ಗುರುಪುರ ಹೊಳೆಯ ದಡದಲ್ಲಿ. ಆಚೆ ಬದಿ ಬೆಂಗ್ರೆ, ಅದರಾಚೆ ಕಡಲು. ಹೊಳೆ ಸುಲ್ತಾನ್ ಬತ್ತೇರಿಯ ಕಡೆಯಿಂದ ತೆಂಕಕ್ಕೆ ಹರಿದು, ನೇತ್ರಾವತಿಯನ್ನು ಕೂಡಿಕೊಂಡು ಅಳಿವೆಯಲ್ಲಿ ಕಡಲು ಸೇರುತ್ತದೆ. ಇಳಿತದ ಹೊತ್ತಿಗೆ ನೀರು ತೆಂಕಕ್ಕೆ, ಭರತದ ಹೊತ್ತಿಗೆ ಬಡಗಿಗೆ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಅದೂ ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಇವತ್ತು ಬೆಳಿಗ್ಗೆ ಏಳು ಗಂಟೆಗೆ ನೀರು ತುಂಬಿದ್ದರೆ ಬರುವ ವಾರ ಅದೇ ಏಳು ಗಂಟೆಗೆ ನೀರು ಇಳಿದಿರುತ್ತದೆ. ಹಾಗಾಗಿ ‘ನಿನ್ನೆ ಹೀಗೆಯೇ ತಂದೆ, ಸರಿಯಾಗಿತ್ತು’ ಎಂಬ ಮಾತಿಗೆ ದಕ್ಕೆಯಲ್ಲಿ ಬೆಲೆ ಕಡಿಮೆ. ಮಳೆಗಾಲದಲ್ಲಿ ಘಟ್ಟದ ನೀರು ಇಳಿಯಲು ಸುರುವಾದರೆ ಇಳಿತದ ಎಳೆತ ಹೆಚ್ಚು ಹೊತ್ತು, ಹೆಚ್ಚು ಜೋರು.

ಬಲ್ಲವರು ಯಾವಾಗಲೂ ನೀರಿಗೆ ಎದುರಾಗಿ ಬರುತ್ತಾರೆ. ಇದು ಧೈರ್ಯ ತೋರಿಸಲಿಕ್ಕಲ್ಲ, ಲೆಕ್ಕ. ಹೊಳೆ ಗಂಟೆಗೆ ಮೂರು ಕಿಲೋಮೀಟರ್ ಹಿಂದೆ ತಳ್ಳುವಾಗ ಎಂಜಿನ್ ಗಂಟೆಗೆ ಮೂರು ಕಿಲೋಮೀಟರ್ ಮುಂದೆ ತಳ್ಳಿದರೆ ದೋಣಿ ದಡದ ಲೆಕ್ಕದಲ್ಲಿ ನಿಂತಲ್ಲೇ ನಿಂತಿರುತ್ತದೆ. ಆದರೆ ಎಂಜಿನ್ ಓಡುತ್ತಲೇ ಇರುವುದರಿಂದ ಹ್ಯಾಂಡಲ್ ಹೇಳಿದ ಮಾತು ಕೇಳುತ್ತದೆ. ಅಂದರೆ ನಿಂತುಕೊಂಡೇ ಸ್ಟೀಯರಿಂಗ್ ಮಾಡಬಹುದು. ಬಸ್ಸಿಗೆ ಇಲ್ಲದ ಭಾಗ್ಯ ಇದು. ನೀರಿನ ಜೊತೆಯಲ್ಲಿ ಬಂದವನಿಗೆ ಇದೇ ಹೊಳೆ ಹಿಂದಿನಿಂದ ನೂಕುವ ಸಂತೆಯ ಜನ. ಎಂಜಿನ್ ಇಳಿಸಿದರೂ ದೋಣಿ ಓಡುತ್ತದೆ, ಹ್ಯಾಂಡಲ್ ತಿರುಗಿಸಿದರೂ ಕೇಳುವುದಿಲ್ಲ.

ಒಂದು ಉದಾಹರಣೆ ನೋಡಿ. ಇಳಿತದ ಹೊತ್ತು. ದೋಣಿ ಅಳಿವೆಯ ಕಡೆಯಿಂದ ಬಡಗಿಗೆ ಬರುತ್ತಿದೆ, ನೀರಿಗೆ ಎದುರು. ದಕ್ಕೆ ಬಲಗಡೆಗೆ. ಎರಡು ಟ್ರಾಲ್ ಬೋಟುಗಳ ನಡುವೆ ಒಂದು ಸಂದು ಖಾಲಿ. ಹೊಸಬ ಸಂದು ಎದುರಿಗೆ ಬಂದ ಕೂಡಲೇ ಬಲಕ್ಕೆ ತಿರುಗಿಸುತ್ತಾನೆ. ತಿರುಗಿದ ಕೂಡಲೇ ದೋಣಿ ನೀರಿಗೆ ಅಡ್ಡ. ಇಷ್ಟು ಹೊತ್ತು ಎದುರಿನಿಂದ ತಡೆಯುತ್ತಿದ್ದ ಹೊಳೆ ಈಗ ಇಡೀ ಮೈಯನ್ನು ತೆಂಕಕ್ಕೆ ಒಯ್ಯುತ್ತದೆ, ಆಗಷ್ಟೇ ದಾಟಿ ಬಂದ ಬೋಟಿನ ಮೂತಿಗೆ ಒರಗಿಸುತ್ತದೆ. ಪಳಗಿದವನು ಸಂದನ್ನು ದಾಟಿ ಇನ್ನೂ ಒಂದೆರಡು ಮಾರು ಮೇಲೆ ಹೋಗುತ್ತಾನೆ. ನೋಡುವವರಿಗೆ ಇವನು ಸಂದನ್ನು ಬಿಟ್ಟುಬಿಟ್ಟ ಎಂದೇ ಅನಿಸಬೇಕು. ಅಲ್ಲಿ ಹ್ಯಾಂಡಲ್ ಎಡಕ್ಕೆ ಪೂರ್ತಿ ಒತ್ತಿ, ಒಂದು ಸಣ್ಣ ತುತ್ತು ಗೇರು. ದೋಣಿ ಬಲಕ್ಕೆ ತಿರುಗುತ್ತದೆ, ಹೊಳೆಯೇ ಅದನ್ನು ಒಯ್ದು ಸಂದಿನ ಬಾಯಿಗೆ ಇಡುತ್ತದೆ. ಹ್ಯಾಂಡಲ್ ನೇರ ಮಾಡಿ ಇನ್ನೊಂದು ತುತ್ತು. ಮೂತಿ ಒಳಗೆ ಹೋಯಿತೋ, ಅಲ್ಲಿ ಎರಡು ಬೋಟುಗಳ ಮರೆಯಲ್ಲಿ ನೀರಿನ ಎಳೆತ ಕಡಿಮೆ. ಬಾಲ ಮಾತ್ರ ಇನ್ನೂ ಹೊರಗೆ, ಹೊಳೆಯಲ್ಲಿ. ಇದೇ ಅತಿ ನಾಜೂಕಿನ ಗಳಿಗೆ. ಮೂತಿ ನಿಂತಿದೆ, ಬಾಲವನ್ನು ಹೊಳೆ ತೆಂಕಕ್ಕೆ ಎಳೆಯುತ್ತದೆ. ಇಲ್ಲಿ ಹೆದರಿ ಎಂಜಿನ್ ಬಂದ್ ಮಾಡಿದವನು ಅಡ್ಡ ಸಿಕ್ಕಿಬಿದ್ದ. ಹ್ಯಾಂಡಲ್ ಎಡಕ್ಕೆ, ಅಂದರೆ ಬಡಗಿಗೆ, ಕೂದಲಿನಷ್ಟು ಕೊಟ್ಟು ಮುಂದಿನ ಗೇರು ಅರೆಗಳಿಗೆ ಹಾಕಿದರೆ ಬಾಲ ಬಡಗಿಗೆ ಬರುತ್ತದೆ, ದೋಣಿ ನೆಟ್ಟಗೆ ಒಳಗೆ ಜಾರುತ್ತದೆ.

ಇನ್ನು ಗಾಳಿ. ಇಲ್ಲಿ ಬೆಳಿಗ್ಗೆ ನೆಲದಿಂದ ಕಡಲಿಗೆ ಬೀಸುವ ಗಾಳಿ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ. ಹಾಗಾಗಿ ಬೆಳಿಗ್ಗೆ ದಕ್ಕೆಗೆ ಬರುವವನನ್ನು ಗಾಳಿ ಹೊರಗೆ ತಡೆಯುತ್ತದೆ, ಸಂಜೆ ಬರುವವನನ್ನು ಒಳಗೆ ನೂಕುತ್ತದೆ. ಮಳೆಗಾಲದಲ್ಲಂತೂ ಪಡುಗಾಳಿಯ ನೂಕುಬಲ ದಿನವಿಡೀ. ಒಳಗೆ ನೂಕುವ ಗಾಳಿ ಇದ್ದರೆ ಸಂದಿನ ಬಾಯಿಯಲ್ಲೇ ಹಿಂದಿನ ಗೇರಿಗೆ ಕೈ ತಯಾರಿರಬೇಕು. ಮೀನಿಲ್ಲದ ಹಗುರ ದೋಣಿಗೆ ಗಾಳಿ ಹೆಚ್ಚು ತಾಗುತ್ತದೆ. ಅದರ ಮೂತಿ ನೀರಿನಿಂದ ಎದ್ದು ನಿಂತಿರುತ್ತದೆ, ಗಾಳಿ ಮೊದಲು ಹಿಡಿಯುವುದು ಅದನ್ನೇ. ಬಡವನ ದೋಣಿ ಬರಿಗೈಯಲ್ಲಿ ಬಂದ ದಿನವೇ ಕಟ್ಟಲು ಕಷ್ಟ ಎಂದರೆ ಆಶ್ಚರ್ಯ ಅನಿಸೀತು, ಆದರೆ ಅದು ಹೌದು.

ಹಗ್ಗ ಇರುವಾಗ ಕೈ ಯಾಕೆ?

ದಕ್ಕೆಯಲ್ಲಿ ಅತ್ಯಂತ ಅಗ್ಗದ ಉಪಕರಣ ಹಗ್ಗ. ಅತ್ಯಂತ ಕಡಿಮೆ ಉಪಯೋಗವಾಗುವುದೂ ಅದೇ. ಹೆಚ್ಚಿನ ಕಡೆ ಹಗ್ಗ ನೆನಪಾಗುವುದು ದೋಣಿ ನಿಂತ ಮೇಲೆ. ಬೇಕಾದುದು ನಿಲ್ಲಿಸುವ ಮೊದಲು. ಎರಡು ಹಗ್ಗ ಸುರುಳಿ ಬಿಚ್ಚಿ, ಗಂಟಿಲ್ಲದೆ, ಒಂದು ಮೂತಿಯಲ್ಲಿ, ಒಂದು ನಡುವಿನಲ್ಲಿ ತಯಾರಿರಬೇಕು. ನೀರಿಗೆ ಇಳಿಬಿಡಬಾರದು, ಇಳಿಬಿಟ್ಟ ಹಗ್ಗವನ್ನು ಪ್ರೊಪೆಲ್ಲರ್ ತಿನ್ನುತ್ತದೆ. ಬದಿಗೆ ಹಳೆಯ ಟಯರು ತೂಗುಹಾಕುವುದನ್ನು ನಮ್ಮವರು ಮರೆಯುವುದಿಲ್ಲ. ಆದರೆ ನೀರಿನ ಮಟ್ಟಕ್ಕೆ ತಕ್ಕ ಎತ್ತರದಲ್ಲಿ ಟಯರು ಇರಬೇಕು, ಅದನ್ನು ಮರೆಯುತ್ತಾರೆ. ತಾಗುವ ಜಾಗದಿಂದ ಎರಡಡಿ ಮೇಲೆ ತೂಗುವ ಟಯರು ದೃಷ್ಟಿಬೊಂಬೆ ಇದ್ದ ಹಾಗೆ.

ನಡುವಿನ ಹಗ್ಗದಲ್ಲಿ ಒಂದು ಚಮತ್ಕಾರ ಉಂಟು. ದೋಣಿಯ ನಡುವಿನಿಂದ ಹಗ್ಗವನ್ನು ದಕ್ಕೆಯ ಮೇಲೆ ಸ್ವಲ್ಪ ಹಿಂದಿರುವ ಗೂಟಕ್ಕೆ ಒಂದು ಸುತ್ತು ಹಾಕಿ, ಮುಂದಿನ ಗೇರಿನಲ್ಲಿ ಎಂಜಿನನ್ನು ಅತಿ ನಿಧಾನಕ್ಕೆ ಬಿಟ್ಟರೆ ಹಗ್ಗ ಬಿಗಿಯಾಗಿ ದೋಣಿ ಮುಂದೆ ಹೋಗಲಾರದೆ ಬದಿಗೆ ಒತ್ತಿಕೊಳ್ಳುತ್ತದೆ. ಹ್ಯಾಂಡಲನ್ನು ದಕ್ಕೆಯ ಕಡೆಗೆ ಸ್ವಲ್ಪ ಒತ್ತಿದರೆ ಬಾಲವೂ ಒಳಗೆ ಬಂತು. ಗಾಳಿ ಹೊರಗೆ ನೂಕುತ್ತಿದ್ದರೂ ಚಿಂತೆಯಿಲ್ಲ, ಎಂಜಿನ್ ಹಿಡಿದುಕೊಳ್ಳುತ್ತದೆ, ಉಳಿದ ಹಗ್ಗಗಳನ್ನು ಪುರುಸೊತ್ತಿನಲ್ಲಿ ಕಟ್ಟಬಹುದು. ನಾಲ್ಕು ಜನ ಎಳೆದಾಡಿ ಮಾಡುವ ಕೆಲಸ ಒಬ್ಬನಿಂದ ಆಗುತ್ತದೆ. ಹಗ್ಗದ ಸುತ್ತು ಗೂಟಕ್ಕೆ ಇರಲಿ, ಅಂಗೈಗೆ ಬೇಡ. ಕೈಗೆ ಸುತ್ತಿಕೊಂಡ ಹಗ್ಗ ಬಿಗಿಯಾದರೆ ದೋಣಿಯ ತೂಕವೆಲ್ಲ ಬೆರಳಿನ ಮೇಲೆ.

ಮೂತಿಯಲ್ಲಿರುವ ಹುಡುಗನ ಕೆಲಸ ಹಾರುವುದಲ್ಲ, ಇಳಿಯುವುದು. ದೋಣಿ ತಾಗಿ ನಿಂತ ಮೇಲೆ ಮೆಟ್ಟಿಲಿಳಿದ ಹಾಗೆ ಇಳಿಯಬೇಕು. ಹಾರಬೇಕಾದಷ್ಟು ದೂರ ಇದೆ ಎಂದರೆ ದೋಣಿ ಇನ್ನೂ ಬಂದಿಲ್ಲ ಎಂದೇ ಅರ್ಥ. ಓಡುವ ಬಸ್ಸಿನಿಂದ ಹಾರಬೇಡಿ ಎಂದು ಬಸ್ಸಿನಲ್ಲಿ ಬೋರ್ಡು ಇರುತ್ತದೆ, ದೋಣಿಯಲ್ಲಿ ಬೋರ್ಡಿಗೆ ಜಾಗವಿಲ್ಲ.

ಇಷ್ಟೆಲ್ಲ ಬರೆಯಬಹುದಾದ ಸಂಗತಿ ಹುಡುಗರಿಗೆ ಯಾಕೆ ಗೊತ್ತಾಗುವುದಿಲ್ಲ ಎಂದರೆ, ಯಾರೂ ಹೇಳುವುದಿಲ್ಲ. ಬೈಯುತ್ತಾರೆ. ಹೊಸಬ ಸಂದಿಗೆ ಬರುವಾಗ ಎಡದ ಬೋಟಿನಿಂದ ಒಬ್ಬ, ಬಲದ ಬೋಟಿನಿಂದ ಒಬ್ಬ, ದಕ್ಕೆಯ ಮೇಲಿನಿಂದ ಮಂಜುಗಡ್ಡೆ ಹೊರುವವ, ಮೀನು ಕೊಳ್ಳಲು ಬಂದವ, ಎಲ್ಲರೂ ಗುರುಗಳೇ. ಒಬ್ಬ ತುಳುವಿನಲ್ಲಿ ಹಿಂದೆ ಎನ್ನುತ್ತಾನೆ, ಒಬ್ಬ ಬ್ಯಾರಿಯಲ್ಲಿ ಮುಂದೆ ಎನ್ನುತ್ತಾನೆ. ಬೋಟಿನಲ್ಲಿ ದುಡಿಯಲು ಆಂಧ್ರ, ಒಡಿಶಾ, ತಮಿಳುನಾಡುಗಳಿಂದ ಬಂದವರು ಬಹಳ ಇರುವುದರಿಂದ ಗೊಂದಲಕ್ಕೆ ಇನ್ನೂ ಮೂರು ಭಾಷೆ. ಹ್ಯಾಂಡಲ್ ಹಿಡಿದವನು ಯಾರ ಮಾತು ಕೇಳಬೇಕು? ಬಸ್ಸಿಗೆ ಒಬ್ಬನೇ ಕಂಡಕ್ಟರ್. ಇಲ್ಲಿ ಇಪ್ಪತ್ತು ಮಂದಿ.

ಅದಕ್ಕಿಂತ ಕೆಟ್ಟದ್ದು ನಗು. ಲೆಕ್ಕ ತಪ್ಪಿತು ಎಂದು ಕಂಡ ಕೂಡಲೇ ಹಿಂದಿನ ಗೇರು ಹಾಕಿ, ಹೊಳೆಯ ನಡುವಿಗೆ ವಾಪಸು ಹೋಗಿ, ಸುತ್ತು ಹಾಕಿ ಮತ್ತೆ ಬರುವವನೇ ನಿಜವಾಗಿ ದೋಣಿ ಬಲ್ಲವನು. ವಿಮಾನ ಕೂಡ ಬಜ್ಪೆಯಲ್ಲಿ ಒಮ್ಮೊಮ್ಮೆ ಇಳಿಯದೆ ಮೇಲೆದ್ದು ಸುತ್ತು ಹಾಕಿ ಬರುತ್ತದೆ, ಪೈಲಟಿಗೆ ಯಾರೂ ನಗುವುದಿಲ್ಲ. ದಕ್ಕೆಯಲ್ಲಿ ಮಾತ್ರ ವಾಪಸು ಹೋದವನಿಗೆ ಸೀಟಿ, ಕೇಕೆ, ಅಪ್ಪನ ಹೆಸರು. ಆ ನಗುವಿಗೆ ಹೆದರಿಯೇ ಹುಡುಗ ಕೆಟ್ಟ ಕೋನದಲ್ಲೂ ನುಗ್ಗುತ್ತಾನೆ, ಮೂತಿಯವನು ಕಾಲು ಚಾಚುತ್ತಾನೆ. ಜೋರಾಗಿ ಬಂದು ಕೊನೆಗಳಿಗೆಯಲ್ಲಿ ರಿವರ್ಸ್ ಒತ್ತಿ ನೀರು ಚಿಮ್ಮಿಸಿ ನಿಲ್ಲಿಸುವವನಿಗೆ ಚಪ್ಪಾಳೆ. ಅವನ ಎಂಜಿನ್ ಒಂದೇ ಒಂದು ದಿನ ಆ ಗಳಿಗೆಯಲ್ಲಿ ಕೆಮ್ಮಿದರೆ ಏನು ಗತಿ ಎಂದು ಚಪ್ಪಾಳೆಯವರು ಯೋಚಿಸಿಲ್ಲ.

ಮೀನುಗಾರಿಕೆಯ ಕಾಲೇಜು 1969ರಲ್ಲೇ ಬಂದ ಊರು ನಮ್ಮದು. ಕಾಲೇಜಿನ ಪಾಠ ಕಾಲೇಜಿಗೆ ಹೋದವರಿಗೆ. ಹ್ಯಾಂಡಲ್ ಹಿಡಿಯುವ ಹುಡುಗ ಕಲಿಯಬೇಕಾದುದು ದಕ್ಕೆಯಲ್ಲೇ, ದಕ್ಕೆಯವರಿಂದಲೇ. 1917ರ ಹಳೆಯ ಕಾನೂನು ಹೋಗಿ ಒಳನಾಡು ಜಲನೌಕೆಗಳಿಗೆ 2021ರಲ್ಲಿ ಹೊಸ ಕಾಯ್ದೆ ಬಂದಿದೆ, ನೋಂದಣಿ, ಸಮೀಕ್ಷೆ, ನಡೆಸುವವರ ಅರ್ಹತೆ ಎಲ್ಲ ಅದರಲ್ಲಿ ಉಂಟು. ಸಂದಿಗೆ ದೋಣಿ ತರುವ ಕೈ ಮಾತ್ರ ಕಾಯ್ದೆಯಿಂದ ಬರುವುದಿಲ್ಲ.

ದಾರಿ ಇಲ್ಲವೆಂದಲ್ಲ. ಬಹಳ ಖರ್ಚಿನ ದಾರಿಯೂ ಅಲ್ಲ. ಎಣ್ಣೆಯ ಎರಡು ಖಾಲಿ ಪ್ಲಾಸ್ಟಿಕ್ ಕ್ಯಾನು, ಎರಡು ಕಲ್ಲು, ಹೊಳೆಯ ಆಳಕ್ಕೆ ತಕ್ಕ ಹಗ್ಗ. ಬೋಟುಗಳ ಓಡಾಟ ಇಲ್ಲದ ಕಡೆ, ಬೆಂಗ್ರೆಯ ಬದಿಯ ಬಯಲು ನೀರಿನಲ್ಲಿ ಕಲ್ಲು ಕಟ್ಟಿದ ಕ್ಯಾನುಗಳನ್ನು ಹದಿನೈದು ಅಡಿ ಅಂತರದಲ್ಲಿ ಬಿಟ್ಟರೆ ಅದೇ ಸಂದು. ತಾಗಿದರೆ ಕ್ಯಾನು ಪಕ್ಕಕ್ಕೆ ಸರಿಯುತ್ತದೆ, ಬೈಯುವುದಿಲ್ಲ. ಮೊದಲ ಸಂಜೆ ಒಂದೇ ಕ್ಯಾನು ಸಾಕು. ಅದರ ಹತ್ತಿರ ಬಂದು, ನೀರಿಗೆ ಎದುರಾಗಿ, ಕೈಗೆ ಸಿಗುವ ದೂರದಲ್ಲಿ ಐದು ನಿಮಿಷ ನಿಲ್ಲಿಸಿಕೊಳ್ಳುವುದು. ಸುಲಭ ಎಂದು ಕಾಣುತ್ತದೆ, ಹತ್ತು ಸಲ ಮಾಡಿದವನಿಗೆ ಗೊತ್ತು. ಆಮೇಲೆ ಎರಡು ಕ್ಯಾನಿನ ನಡುವೆ ಮೂತಿಯಿಂದ ಹೋಗುವುದು, ಹಿಂದಿನ ಗೇರಿನಲ್ಲಿ ಹೊರಬರುವುದು, ಬಾಲದಿಂದ ಒಳಗೆ ಬರುವುದು. ಹದಿನೈದು ಅಡಿ ಹನ್ನೆರಡಾಗಲಿ, ಹನ್ನೆರಡು ಒಂಬತ್ತಾಗಲಿ. ಒಂದು ದಿನ ಭರತದಲ್ಲಿ, ಒಂದು ದಿನ ಇಳಿತದಲ್ಲಿ, ಒಂದು ದಿನ ಗಾಳಿ ಇರುವಾಗ. ಪ್ರತಿ ಸಲವೂ ಒಂದೆರಡು ಬಾರಿ ಬೇಕೆಂದೇ ಬಿಟ್ಟು ವಾಪಸು ಹೋಗುವ ಅಭ್ಯಾಸ. ಹತ್ತು ಸಂಜೆಯಲ್ಲಿ ಹುಡುಗನ ಕಣ್ಣು ಮೂತಿಯಿಂದ ಬಾಲಕ್ಕೆ ಬರುತ್ತದೆ. ಆಗಸ್ಟ್ 1ಕ್ಕೆ ದೊಡ್ಡ ಬೋಟುಗಳು ಕಡಲಿಗೆ ಹೋಗುವ ತನಕ ಕಾಯಬೇಕೆಂದೇನೂ ಇಲ್ಲ, ಬೇಸಗೆಯಲ್ಲೇ ಇದು ಆದರೆ ಮಳೆಗಾಲದ ಸಂದಿಗೆ ಅವನು ಹೊಸಬನಾಗಿ ಬರುವುದಿಲ್ಲ.

ಬಂದರಿನಿಂದ ಬೆಂಗ್ರೆಗೆ ಜನ ದಾಟಿಸುವ ಫೆರಿ ಬೋಟಿನವರನ್ನು ಒಮ್ಮೆ ಗಮನಿಸಿ. ರಸ್ತೆಯಲ್ಲಿ ಹೋದರೆ ಕೂಳೂರು ಸೇತುವೆ, ತಣ್ಣೀರುಬಾವಿ ಎಂದು ಊರೆಲ್ಲ ಸುತ್ತಬೇಕಾದ ದೂರವನ್ನು ಹೊಳೆಯಲ್ಲಿ ಕೆಲವೇ ನಿಮಿಷದಲ್ಲಿ ದಾಟಿಸುವವರು. ಶಾಲೆಯ ಮಕ್ಕಳು, ಮೀನಿನ ಬುಟ್ಟಿಯ ಹೆಂಗಸರು, ಅಕ್ಕಿಮೂಟೆ, ಎಲ್ಲ ಹೇರಿಕೊಂಡು ದಿನಕ್ಕೆ ಹತ್ತಾರು ಸಲ ದಡ ಹಿಡಿಯುತ್ತಾರೆ. ಅವರಲ್ಲಿ ಬೊಬ್ಬೆಯಿಲ್ಲ, ಚಿಮ್ಮುವ ನೀರಿಲ್ಲ. ಬಹಳ ದೂರದಲ್ಲೇ ಎಂಜಿನಿನ ಸದ್ದು ಇಳಿಯುತ್ತದೆ, ಬೋಟು ಓರೆಯಾಗಿ ನೀರಿಗೆ ಮುಖ ಕೊಡುತ್ತದೆ, ಸುಮ್ಮನೆ ಬಂದು ಟಯರಿಗೆ ಒರಗುತ್ತದೆ. ಕುಳಿತವರಿಗೆ ನಿಂತದ್ದೇ ಗೊತ್ತಾಗುವುದಿಲ್ಲ. ನೋಡಲು ಏನೂ ಇಲ್ಲದ್ದರಿಂದ ಅದನ್ನು ಯಾರೂ ನೋಡುವುದಿಲ್ಲ, ಕಲಿಯಬೇಕಾದ ಹುಡುಗರು ಕೂಡ.

ಕೊನೆಗೆ ಕಟ್ಟುವುದರಲ್ಲಿ ಒಂದು ಮಾತು ಬಾಕಿ. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಇಲ್ಲಿ ನೀರು ಒಂದು ಮೀಟರಿಗಿಂತ ಹೆಚ್ಚೇ ಏರಿ ಇಳಿಯುತ್ತದೆ. ಭರತದಲ್ಲಿ ಬಂದು ಹಗ್ಗವನ್ನು ಬಿಗಿಯಾಗಿ ಕಟ್ಟಿ ಮನೆಗೆ ಹೋದವನ ದೋಣಿ ಇಳಿತದಲ್ಲಿ ಹಗ್ಗಕ್ಕೆ ನೇತುಬೀಳುತ್ತದೆ, ಇಲ್ಲವೇ ಕ್ಲೀಟು ಕಿತ್ತು ಬರುತ್ತದೆ. ಇಳಿತದಲ್ಲಿ ಸಡಿಲ ಕಟ್ಟಿದವನದು ಭರತಕ್ಕೆ ಎದ್ದು ಅಡ್ಡ ತಿರುಗಿ ಪಕ್ಕದವನ ಎಂಜಿನಿಗೆ ಬಡಿಯುತ್ತದೆ. ಹಗ್ಗ ಉದ್ದಕ್ಕೆ, ಓರೆಯಾಗಿ, ಮುಂದೊಂದು ಹಿಂದೊಂದು ಗೂಟಕ್ಕೆ ಹೋದರೆ ಏರಿಳಿತಕ್ಕೆ ಅದೇ ಹೊಂದಿಕೊಳ್ಳುತ್ತದೆ. ಎಂಜಿನ್ ಮೇಲೆತ್ತಿ, ಎಣ್ಣೆಯ ನಳಿಗೆ ಬಿಚ್ಚಿ, ಪಕ್ಕದ ಬೋಟಿನ ಹಗ್ಗ ತನ್ನ ಹಗ್ಗದ ಅಡಿಗೆ ಸಿಕ್ಕಿದೆಯೇ ಎಂದು ನೋಡಿ ಮೇಲೆ ಹತ್ತಬೇಕು. ಸಿಕ್ಕಿದ್ದರೆ ಬೆಳಗಿನ ಜಾವ ನಾಲ್ಕು ಗಂಟೆಗೆ ಹೊರಡುವ ಅವನು ಬಿಚ್ಚುವುದಿಲ್ಲ, ಕತ್ತರಿಸುತ್ತಾನೆ.